ಮೊಲಕ್ಕೆ ಹಸುರು ಮೇವು: ಆಯ್ಕೆಯ ವಿವೇಕ

ಭಾರತೀಯ ವಾಙ್ಮಯದಲ್ಲಿ ಮೊಲಕ್ಕಿರುವ ಸ್ಥಾನವು ಅದರ ಗಾತ್ರವನ್ನು ಮೀರಿದುದಾಗಿದೆ. ಚಂದ್ರನು ಶಶಿ, ಶಶಾಂಕ, ಶಶಧರ ಎಂದು ಹೆಸರು ಪಡೆದುದು ಈ ಪುಟ್ಟ ಪ್ರಾಣಿಯ ದೆಸೆಯಿಂದ. ಇಲ್ಲದ ವಸ್ತುವಿಗೆ ನಿದರ್ಶನವನ್ನು ಕೊಡಬೇಕಾದಾಗ ತರ್ಕಶಾಸ್ತ್ರವು ‘ಶಶವಿಷಾಣ’ವನ್ನು, ಎಂದರೆ ಮೊಲದ ಕೊಂಬನ್ನು ಸ್ಮರಿಸುತ್ತದೆ. ಪಂಚತಂತ್ರದ ಮೊಲವಾದರೋ ಬುದ್ಧಿಬಲದಿಂದಲೇ ಸಿಂಹವನ್ನು ಬಾವಿಗೆ ಕೆಡವಿತು. ಇನ್ನು ಕನ್ನಡದ ಹಿರಿಯರು ಹಟಮಾರಿಯನ್ನು ಕುರಿತು ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ನುಡಿದರು. ಮೊಲದ ಆಹಾರದ ವಿಷಯದಲ್ಲಿ ಈ ಗಾದೆಯು ವಿಶೇಷವಾಗಿ ಸಲ್ಲುವಂತಹುದು. ಹಸುರೆಲೆಯೆಲ್ಲವೂ ಮೊಲಕ್ಕೆ ಹಿತವೆಂದು ಸಾಧಿಸುವವರೂ ಉಂಟು. ಹಸುರೆಲೆಯೇ ಅದಕ್ಕೆ ಮಾರಕವೆಂದು ಸಾಧಿಸುವವರೂ ಉಂಟು. ಎರಡು ಪಕ್ಷಗಳೂ ಪ್ರಾಣಿಯ ಒಂದು ಕಾಲನ್ನು ಮರೆತೇ ಎಣಿಸುತ್ತವೆ.

ಶಾಲೆಯ ಆವರಣದಲ್ಲಿ, ವಿದ್ಯಾರ್ಥಿನಿಲಯದ ಹಿತ್ತಿಲಲ್ಲಿ, ಗೃಹಸ್ಥರ ಅಂಗಳದಲ್ಲಿ ಪ್ರೀತಿಗಾಗಿಯೂ ವ್ಯಾಸಂಗಕ್ಕಾಗಿಯೂ ಮೊಲಗಳನ್ನು ಸಾಕುವ ರೂಢಿಯುಂಟು. ಗೂಡಿನ ಮುಂದೆ ನಿಂತ ಬಾಲಕನು ಕೈಗೆ ಸಿಕ್ಕಿದ ಎಲೆಯನ್ನು ಕಿತ್ತು ಒಳಗೆ ಚಾಚುವುದು ಸಹಜ. ಅವನ ಭಾವವು ಶುದ್ಧವಾದುದೇ. ಆದರೆ ಆ ಎಲೆಯು ಕಣಗಲೆಯದಾಗಿದ್ದರೆ ಭಾವಶುದ್ಧಿಯು ಪ್ರಾಣಿಯನ್ನು ಉಳಿಸಲಾರದು. ಬಯಲಿನಲ್ಲಿರುವ ಪ್ರಾಣಿಯು ತನಗೆ ಬೇಕಾದುದನ್ನು ಮೂಸಿ, ರುಚಿನೋಡಿ, ಆರಿಸಿಕೊಳ್ಳುತ್ತದೆ. ಗೂಡಿನಲ್ಲಿರುವುದಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದರ ಪರವಾಗಿ ಆರಿಸುವ ಹೊಣೆಯು ಸಾಕಿದವನ ಮೇಲಿದೆ. ಆ ಹೊಣೆಯನ್ನು ನಿರ್ವಹಿಸಲು ಬೇಕಾದ ತಿಳಿವಳಿಕೆ ಯಾವುದೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಪಾಠದ ಉದ್ದೇಶ.

೧. ಮೊಲವೆಂದರೆ ಯಾವುದು?

ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಪದವು ಎರಡು ಬೇರೆ ಪ್ರಾಣಿಗಳಿಗೆ ಸಲ್ಲುತ್ತದೆ. ಕುರುಚಲು ಕಾಡಿನಲ್ಲಿಯೂ ಹೊಲದ ಬದುಗಳಲ್ಲಿಯೂ ನೆಗೆದೋಡುವ ಕಾಡುಮೊಲವು ಒಂದು. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ತೆರೆದಿರುತ್ತವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಈ ಪ್ರಾಣಿಯನ್ನು ಹಿಡಿದು ಸಾಕತಕ್ಕದ್ದಲ್ಲ. ಗೂಡುಗಳಲ್ಲಿ ಸಾಕುವ ಮೊಲವು ಇನ್ನೊಂದು. ಅದರ ಮೂಲಸ್ಥಾನವು ಯೂರೋಪಿನ ನೈರುತ್ಯ ಭಾಗದ ಐಬೀರಿಯ ಪರ್ಯಾಯದ್ವೀಪ, ಎಂದರೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನೆಲ. ಅದು ಬಿಲವಾಸಿ, ಅದರ ಮರಿಗಳು ಕಣ್ಣು ಮುಚ್ಚಿಕೊಂಡು, ಬರಿಮೈಯಲ್ಲಿ ಹುಟ್ಟುತ್ತವೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲ, ಉಣ್ಣೆಗೆ ಹೆಸರಾದ ಅಂಗೋರ ಮುಂತಾದ ತಳಿಗಳೆಲ್ಲ ಈ ಎರಡನೆಯ ಪ್ರಾಣಿಯವು.

ಈ ಭೇದವನ್ನು ಮೊದಲು ಹೇಳಲು ಕಾರಣವಿದೆ. ಕನ್ನಡ ನಾಡಿನ ಗಿಡಮರಗಳ ನಡುವೆ ತಲೆತಲಾಂತರದಿಂದ ಬದುಕಿ ಬಂದುದು ಕಾಡುಮೊಲವೇ ಹೊರತು ಸಾಕುಮೊಲವಲ್ಲ. ಆದಕಾರಣ ‘ಕಾಡಿನಲ್ಲಿ ಮೊಲವು ಇದನ್ನು ತಿನ್ನುವುದನ್ನು ಕಂಡಿದ್ದೇವೆ’ ಎಂಬ ಮಾತು ಗೂಡಿನ ಮೊಲಕ್ಕೆ ಪ್ರಮಾಣವಾಗಲಾರದು.

೨. ಜೀರ್ಣಕ್ರಮದ ವೈಶಿಷ್ಟ್ಯ

ಮೊಲಕ್ಕೆ ಒಟ್ಟು ೨೮ ಹಲ್ಲುಗಳಿವೆ. ಅವೆಲ್ಲವೂ ಜೀವಿತಕಾಲವೆಲ್ಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲುಗಳು ವಾರಕ್ಕೆ ಸುಮಾರು ೨ ಮಿಲಿಮೀಟರಿನಷ್ಟು ಬೆಳೆಯುತ್ತವೆ. ನಾರುಳ್ಳ ಹುಲ್ಲನ್ನು ಬಹುಕಾಲ ಅಗಿಯುವುದರಿಂದ ಮಾತ್ರವೇ ಅವು ಸವೆದು ಹದವಾಗಿ ಉಳಿಯುತ್ತವೆ. ಕಾಳು, ರೊಟ್ಟಿಯ ಚೂರು, ಗಜ್ಜರಿ ಮುಂತಾದ ಮೃದುವಾದ ತಿನಿಸನ್ನೇ ತಿಂದು ಬೆಳೆದ ಮೊಲದ ಹಲ್ಲು ಸೊಟ್ಟಗೆ ಬೆಳೆದು ಕೊನೆಗೆ ಬಾಯಿ ಮುಚ್ಚಲಾರದ ಸ್ಥಿತಿಯೂ ಒದಗುವುದುಂಟು.

ಎರಡನೆಯದಾಗಿ, ಮೊಲವು ವಾಂತಿ ಮಾಡಿಕೊಳ್ಳಲಾರದು. ಜಠರದ ಮೇಲ್ಬಾಯಿಯ ರಚನೆಯೇ ಹಾಗಿದೆ. ನಾಯಿ ಬೆಕ್ಕುಗಳು ವಿಷಪದಾರ್ಥವನ್ನು ಕಕ್ಕಿ ಪಾರಾಗಬಹುದು. ಮೊಲದ ಹೊಟ್ಟೆಗೆ ಹೋದುದು ಹೋದುದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹಸು, ಆಡು, ಕುರಿಗಳು ತಿಂದ ಮೇವು ಮೊದಲು ಮೆಲುಕುಚೀಲವನ್ನು ಸೇರಿ, ಅಲ್ಲಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಕಳಿತು, ಆಮೇಲೆ ಮುಂದಿನ ಕರುಳಿಗೆ ಸಾಗುತ್ತದೆ. ಮೊಲಕ್ಕೆ ಮೆಲುಕುಚೀಲವಿಲ್ಲ. ಅದರ ಸೂಕ್ಷ್ಮಜೀವಿಗಳ ನೆಲೆಯು ಸಣ್ಣಕರುಳು ಮುಗಿದ ಮೇಲೆ ಬರುವ ಕುರುಡುಕರುಳೆಂಬ ದೊಡ್ಡ ಚೀಲ. ಅಲ್ಲಿ ತಯಾರಾದ ಸಾರವತ್ತಾದ ಮೃದು ಹಿಕ್ಕೆಯನ್ನು ಮೊಲವು ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ನುಂಗುತ್ತದೆ. ಈ ಸಂಗತಿಯನ್ನು ೧೮೮೨ರಲ್ಲಿ ಫ್ರಾನ್ಸಿನ ಪಶುವೈದ್ಯ ಮೊರೋ ಎಂಬವರು ವಿವರಿಸಿದರು. ನೋಡುವವರಿಗೆ ಹೇಸಿಗೆಯೆನಿಸಬಹುದಾದ ಈ ಕ್ರಿಯೆಯು ರೋಗವಲ್ಲ; ಪ್ರೋಟೀನನ್ನೂ ಬಿ ಗುಂಪಿನ ಜೀವಸತ್ತ್ವಗಳನ್ನೂ ಕೈಬಿಡದಂತೆ ಪ್ರಕೃತಿಯು ಕಲ್ಪಿಸಿದ ಉಪಾಯ. ಗೂಡಿನಲ್ಲಿ ಮೃದು ಹಿಕ್ಕೆಯು ತಿನ್ನದೆ ಉಳಿದು ಮೈಗೆ ಮೆತ್ತಿಕೊಳ್ಳತೊಡಗಿದರೆ ಮಾತ್ರ, ನಾರು ಕಡಿಮೆಯಾಗಿ ಸಾರವತ್ತಾದ ಆಹಾರವು ಅತಿಯಾಯಿತೆಂದು ತಿಳಿಯಬೇಕು.

೩. ‘ಆಡು ಮುಟ್ಟದ ಸೊಪ್ಪಿಲ್ಲ’

ಸೊಪ್ಪಿನ ಯೋಗ್ಯತೆಯನ್ನು ಅಳೆಯಲು ಹಳ್ಳಿಗರು ಸಾಮಾನ್ಯವಾಗಿ ಆಡನ್ನೇ ಒರೆಗಲ್ಲಾಗಿ ಇರಿಸಿಕೊಳ್ಳುತ್ತಾರೆ. ಆಡು ತಿಂದಿತೆಂದರೆ ಮೊಲವೂ ತಿನ್ನಬಹುದೆಂಬುದು ಅವರ ಊಹೆ. ಈ ಊಹೆಯ ದೋಷವನ್ನು ಸುಬಾಬುಲ್ ಮರವು ಚೆನ್ನಾಗಿ ತೋರಿಸಿಕೊಡುತ್ತದೆ. ಅದರ ಎಲೆಯು ಪ್ರೋಟೀನಿನಿಂದ ಸಮೃದ್ಧವಾದುದು. ಆದರೆ ಅದರಲ್ಲಿ ಮೈಮೊಸಿನ್ ಎಂಬ ವಿಷಾಂಶವೂ ಇದೆ. ಅದು ಕೂದಲುದುರಿಸುತ್ತದೆ; ಅದರಿಂದ ಹುಟ್ಟುವ ಮತ್ತೊಂದು ವಸ್ತುವು ಥೈರಾಯ್ಡ್ ಗ್ರಂಥಿಯನ್ನು ಕೆಡಿಸುತ್ತದೆ. ಆಸ್ಟ್ರೇಲಿಯದ ದನಗಳು ಈ ಸೊಪ್ಪಿನಿಂದ ಬಳಲುತ್ತಿದ್ದಾಗ ಹವಾಯಿ ದ್ವೀಪದ ಆಡುಗಳು ಅದನ್ನೇ ತಿಂದು ಸುಖವಾಗಿದ್ದವು. ಆಸ್ಟ್ರೇಲಿಯದ ವಿಜ್ಞಾನಿ ರೇಮಂಡ್ ಜೋನ್ಸ್ ಮತ್ತು ಅವರ ಸಂಗಡಿಗರು ಇದರ ಕಾರಣವನ್ನು ಅರಸಿ, ಹವಾಯಿಯ ಆಡುಗಳ ಮೆಲುಕುಚೀಲದಲ್ಲಿ ಈ ವಿಷವನ್ನು ಒಡೆಯುವ ಸೂಕ್ಷ್ಮಜೀವಿಗಳಿರುವುದನ್ನು ತೋರಿಸಿಕೊಟ್ಟರು. ೧೯೯೨ರಲ್ಲಿ ಅಂತಹ ಒಂದು ಸೂಕ್ಷ್ಮಜೀವಿಗೆ ಜೋನ್ಸರ ಹೆಸರನ್ನೇ ಇಡಲಾಯಿತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಆಡನ್ನು ಕಾಪಾಡುವುದು ಆಡಿನ ಮೈಯಲ್ಲ, ಅದರ ಮೆಲುಕುಚೀಲದ ನಿವಾಸಿಗಳು ಎಂಬುದು ಒಂದು. ಮೊಲದಲ್ಲಿ ಸೂಕ್ಷ್ಮಜೀವಿಗಳ ನೆಲೆಯು ಸಣ್ಣಕರುಳಿನ ಆಚೆಗಿರುವುದರಿಂದ, ವಿಷವು ಅವುಗಳ ಕೈಗೆ ಸಿಕ್ಕುವ ಮುನ್ನವೇ ರಕ್ತವನ್ನು ಸೇರಿಬಿಡುತ್ತದೆ ಎಂಬುದು ಇನ್ನೊಂದು. ಆಡಿನ ಸಾಕ್ಷ್ಯವು ಆಡಿಗೆ ಮಾತ್ರ ಸಲ್ಲತಕ್ಕದ್ದು.

ಮೊಲದ ಸಾಕ್ಷ್ಯವಾದರೂ ಎಲ್ಲ ಮೊಲಗಳಿಗೆ ಸಲ್ಲುವುದೆಂಬ ಭರವಸೆಯಿಲ್ಲ. ಉಮ್ಮತ್ತಿಯ ಗಿಡದಲ್ಲಿ ಅಟ್ರೋಪಿನ್ ಮತ್ತು ಅದರ ಜಾತಿಯ ವಿಷಗಳಿವೆ. ಕೆಲವು ಮೊಲಗಳ ರಕ್ತದಲ್ಲಿ ಅಟ್ರೋಪಿನನ್ನು ಒಡೆಯುವ ಕಿಣ್ವವೊಂದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ಮತ್ತೆ ಕೆಲವಕ್ಕೆ ಅದಿಲ್ಲ. ಒಂದು ಮೊಲವು ತಿಂದು ಉಳಿದುದನ್ನು ಕಂಡು ‘ಇದು ನಿರಪಾಯ’ವೆಂದು ತೀರ್ಮಾನಿಸಿದವನು ಪಕ್ಕದ ಗೂಡಿನ ಮೊಲವನ್ನು ಕಳೆದುಕೊಳ್ಳಬಹುದು. ಮೂರೇ ಕಾಲೆಂಬ ಹಟಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

೪. ಹೆಸರಿನ ಗೊಂದಲ

ಗಿಡವನ್ನು ಹೆಸರಿನಿಂದ ಮಾತ್ರ ತಿಳಿಯುವುದು ಅಪಾಯಕರ. ‘ಅಗಸೆ’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಹಿತ್ತಿಲುಗಳಲ್ಲಿ ಬೆಳೆಯುವ, ದೊಡ್ಡ ಹೂ ಬಿಡುವ, ಚೊಗಚೆಯೆಂದೂ ಹೆಸರುಳ್ಳ ಮರವು ಅಗಸೆ. ಅದರ ಎಲೆಯನ್ನು ಮೊಲಗಳಿಗೆ ಮಿತವಾಗಿ ಕೊಡುವ ವಾಡಿಕೆಯುಂಟು. ಆದರೆ ಉತ್ತರ ಕರ್ನಾಟಕದಲ್ಲಿ ಅಗಸೆ ಅಥವಾ ಅಗಸಿ ಎಂದರೆ ಎಣ್ಣೆಕಾಳಿನ ಬೆಳೆ. ಆ ಗಿಡದ ಹಸುರಿನಲ್ಲಿ ಸಯನೈಡನ್ನು ಹೊಮ್ಮಿಸುವ ಅಂಶವಿದೆ. ಒಂದೇ ಪದದ ಎರಡು ಅರ್ಥಗಳು ಇಲ್ಲಿ ಆಹಾರವೂ ವಿಷವೂ ಆಗಿ ನಿಂತಿವೆ. ಹಾಗೆಯೇ ಬೇವು, ಕರಿಬೇವು, ಹೆಬ್ಬೇವು, ಹುಚ್ಚುಬೇವು ಇವೆಲ್ಲ ಹೆಸರಿನಲ್ಲಿ ಬಂಧುಗಳಾದರೂ ಗುಣದಲ್ಲಿ ಒಂದಲ್ಲ. ಹುಚ್ಚುಬೇವಿನ ಹಣ್ಣು ಪ್ರಾಣಿಗಳಿಗೆ ವಿಷಕಾರಿ.

ಕೆಲವೊಮ್ಮೆ ಹೆಸರೇ ಎಚ್ಚರಿಕೆಯನ್ನು ಸಾರುವುದೂ ಉಂಟು. ಬೇಲಿಗಳಲ್ಲಿ ನೆಡುವ ಗೊಬ್ಬರದ ಗಿಡವನ್ನು ಸಸ್ಯಶಾಸ್ತ್ರಜ್ಞರು ಗ್ಲಿರಿಸಿಡಿಯ ಎನ್ನುತ್ತಾರೆ. ಆ ಲ್ಯಾಟಿನ್ ಪದದ ಅರ್ಥ ‘ಇಲಿ ಕೊಲ್ಲುವುದು’ ಎಂದು. ಅದರ ತವರಾದ ಮಧ್ಯ ಅಮೆರಿಕದಲ್ಲಿ ಸ್ಪ್ಯಾನಿಷ್ ಭಾಷೆಯ ಜನರೂ ಅದೇ ಅರ್ಥದ ಹೆಸರಿನಿಂದಲೇ ಕರೆದು, ಅದರ ಎಲೆ ತೊಗಟೆಗಳನ್ನು ಕಾಳಿನೊಡನೆ ಬೆರೆಸಿ ಇಲಿಪಾಷಾಣವಾಗಿ ಬಳಸುತ್ತಿದ್ದರು. ದನ ಆಡುಗಳು ಅದನ್ನು ತಿನ್ನುತ್ತವೆ. ಹೊಲಕ್ಕೆ ಅದು ಒಳ್ಳೆಯ ಗೊಬ್ಬರ. ಆದರೆ ಮೆಲುಕುಚೀಲವಿಲ್ಲದ ಮೊಲದ ಗೂಡಿನಿಂದ ಅದನ್ನು ದೂರವಿಡುವುದೇ ಲೇಸು.

೫. ಕೊಡಬಹುದಾದ ಮೇವು

ಮೊಲದ ಆಹಾರದ ತಳಹದಿಯು ಹುಲ್ಲು. ಎಲೆಯು ಅದರ ಮೇಲಿನ ಗೋಡೆ. ಗರಿಕೆ, ಗಿನಿಹುಲ್ಲು, ನೇಪಿಯರ್ ಹುಲ್ಲು ಇವುಗಳಲ್ಲಿ ದೊರೆತುದನ್ನೂ, ಬೂಷ್ಟು ಹಿಡಿಯದ ಸ್ವಚ್ಛವಾದ ಒಣಹುಲ್ಲನ್ನೂ ಯಾವಾಗಲೂ ಗೂಡಿನಲ್ಲಿ ಇರಿಸಬೇಕು. ಕುದುರೆ ಮೆಂತೆ, ಅಲಸಂದೆ ಮುಂತಾದ ದ್ವಿದಳ ಮೇವುಗಳು ಬೆಳೆಯುವ ಮರಿಗಳಿಗೂ ಹಾಲೂಡುವ ತಾಯಿಗೂ ಹಿತಕರ. ಆದರೆ ಕುದುರೆ ಮೆಂತೆಯಲ್ಲಿ ಸುಣ್ಣದ ಅಂಶವು ಹೆಚ್ಚು. ಮೊಲವು ತನ್ನ ಮೈಯ ಹೆಚ್ಚುವರಿ ಸುಣ್ಣವನ್ನು ಮೂತ್ರದ ಮೂಲಕ ಹೊರಹಾಕುವ ಪ್ರಾಣಿ. ಆದ್ದರಿಂದ ಬೆಳೆದು ಸುಮ್ಮನಿರುವ ಮೊಲಕ್ಕೆ ಅದು ಮಿತವಾಗಿರಬೇಕು.

ಮರದ ಎಲೆಗಳಲ್ಲಿ ಹಿಪ್ಪುನೇರಳೆಗೆ ಅಗ್ರಸ್ಥಾನ ಸಲ್ಲುತ್ತದೆ. ರೇಷ್ಮೆಯ ನಾಡಾದ ಕರ್ನಾಟಕದಲ್ಲಿ ಅದಕ್ಕೆ ಕೊರತೆಯಿಲ್ಲ. ಮೊಲವು ಅದನ್ನು ಇಷ್ಟಪಟ್ಟು ತಿನ್ನುತ್ತದೆ. ಎಲೆಯ ಒಣ ಅಂಶದಲ್ಲಿ ನೂರಕ್ಕೆ ೧೫ರಿಂದ ೨೫ರಷ್ಟು ಪ್ರೋಟೀನಿರುತ್ತದೆ. ಇಲ್ಲಿ ಒಂದು ಎಚ್ಚರ ಅವಶ್ಯ. ತೋಟಕ್ಕೆ ಔಷಧಿ ಸಿಂಪಡಿಸಿದ ಮೇಲೆ ರೈತರು ಹುಳುಗಳಿಗೆ ಎಷ್ಟು ದಿನ ಎಲೆ ಕೊಡುವುದಿಲ್ಲವೋ ಅಷ್ಟು ದಿನವೂ ಮೊಲಕ್ಕೆ ಕೊಡಬಾರದು. ಹುಳು ತಿಂದುಳಿದ ಕಸದ ಎಲೆಯನ್ನಂತೂ ಎಂದಿಗೂ ಕೊಡಬಾರದು. ಅದಕ್ಕೆ ಹುಳುವಿನ ಹಿಕ್ಕೆಯೂ ಸುಣ್ಣ ಮತ್ತು ಸೋಂಕುನಿವಾರಕದ ಪುಡಿಯೂ ಅಂಟಿರುತ್ತವೆ.

ಹಲಸಿನ ಎಲೆ, ನುಗ್ಗೆಯ ಸೊಪ್ಪು, ಹಾಲುವಾಣದ ಎಲೆ ಇವೂ ಬಳಕೆಯಲ್ಲಿವೆ. ಹಾಲುವಾಣದ ಬೀಜವು ವಿಷಯುಕ್ತವಾದುದರಿಂದ ಕಾಯಿಯಿರುವ ರೆಂಬೆಯನ್ನು ಗೂಡಿಗೆ ಇಳಿಸಬಾರದು. ಮಲೆನಾಡಿನಲ್ಲಿ ಈ ಮರವು ಮೆಣಸಿನ ಬಳ್ಳಿಗೆ ಆಸರೆ. ಬಳ್ಳಿಗೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತವು ಮರದ ಎಲೆಯ ಮೇಲೂ ಕುಳಿತಿರುತ್ತದೆ. ಸಿಂಪಡಣೆಯಾದ ಮರದಿಂದ ಎಲೆ ತರಬಾರದು. ಸುಬಾಬುಲ್ ಎಲೆಯನ್ನು ಬೇರೆ ಮೇವಿಲ್ಲದ ಕಾಲದಲ್ಲಿ, ಬಿಸಿಲಿಗೆ ಒಣಗಿಸಿ, ಒಟ್ಟು ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರದಂತೆ, ದಿನದಿನವೂ ಅಲ್ಲದಂತೆ ಕೊಡಬಹುದು. ಗಬ್ಬದ ಮೊಲಕ್ಕೆ ಅದೂ ಬೇಡ.

೬. ಕೊಡಬಾರದವು

ಕಣಗಲೆಗೆ ಈ ಪಟ್ಟಿಯಲ್ಲಿ ಮೊದಲ ಸ್ಥಾನ. ಹೂವಿಗಾಗಿ ದೇವಾಲಯ, ಶಾಲೆ, ಉದ್ಯಾನಗಳಲ್ಲೆಲ್ಲ ಬೆಳೆಸುವ ಇದರ ಎಲೆ, ಕಡ್ಡಿ, ಹೂವು ಎಲ್ಲವೂ ಹೃದಯವನ್ನು ನಿಲ್ಲಿಸಬಲ್ಲ ವಿಷ. ಒಣಗಿದರೂ ವಿಷವು ಇಳಿಯುವುದಿಲ್ಲ. ಆದ್ದರಿಂದ ಕಸ ಗುಡಿಸಿ ತಂದ ಒಣ ಎಲೆಗಳ ರಾಶಿಯೂ ನಿರಪಾಯವಲ್ಲ. ಹಳದಿ ಕಣಗಲೆಯ ಗುಣವೂ ಇಂತಹುದೇ. ಎಕ್ಕ, ಉಮ್ಮತ್ತಿ, ಔಡಲ, ಲಂಟಾನ, ಪಾರ್ಥೇನಿಯಂ ಇವುಗಳನ್ನು ಗೂಡಿನ ಹತ್ತಿರಕ್ಕೂ ತರಬಾರದು. ಆಲೂಗಡ್ಡೆ ಮತ್ತು ಟೊಮ್ಯಾಟೊ ಗಿಡಗಳ ಸೊಪ್ಪು, ಬೆಣ್ಣೆಹಣ್ಣಿನ ಮರದ ಎಲೆ ಇವು ತರಕಾರಿ, ಹಣ್ಣುಗಳ ನಂಟಿನಿಂದ ನಂಬಿಕೆ ಹುಟ್ಟಿಸುತ್ತವೆ. ಆದರೆ ಮೊಲಕ್ಕೆ ಹಾನಿಕರವಾದವು.

ಎಳೆಯ ಜೋಳದ ಪೈರಿನ ವಿಷಯವನ್ನು ರೈತರು ಬಲ್ಲರು. ಮಳೆ ತಪ್ಪಿ ಕುಗ್ಗಿದ ಪೈರು, ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಇವುಗಳಲ್ಲಿ ಸಯನೈಡ್ ಹೊಮ್ಮಿಸುವ ಅಂಶವು ಅಧಿಕ. ದನವನ್ನೇ ಉರುಳಿಸುವ ಮೇವು ಎರಡು ಕಿಲೋ ತೂಗುವ ಮೊಲವನ್ನು ಬಿಟ್ಟೀತೇ? ಮರಗೆಣಸಿನ ಹಸಿ ಎಲೆಯೂ ಇದೇ ವರ್ಗಕ್ಕೆ ಸೇರಿದುದು.

೭. ಕೊಡುವ ಕ್ರಮ

ಯೋಗ್ಯವಾದ ಎಲೆಯೂ ಅಯೋಗ್ಯ ಕ್ರಮದಿಂದ ಕೆಡುಕಾಗುತ್ತದೆ. ಕುರುಡುಕರುಳಿನ ಸೂಕ್ಷ್ಮಜೀವಿಗಳು ದಿನನಿತ್ಯದ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಆಹಾರವು ಥಟ್ಟನೆ ಬದಲಾದರೆ ಅವುಗಳ ಸಮತೋಲ ತಪ್ಪಿ, ಹಾನಿಕರವಾದವು ತಲೆಯೆತ್ತಿ, ಭೇದಿಯೂ ಹೊಟ್ಟೆಯುಬ್ಬರವೂ ತೋರುತ್ತವೆ. ಹಸುರೆಲೆಯೇ ಮಾರಕವೆಂಬ ಅಪವಾದವು ಬಹುಮಟ್ಟಿಗೆ ಇದರಿಂದ ಹುಟ್ಟಿದುದು. ವಾರವೆಲ್ಲ ಕಾಳನ್ನೇ ತಿಂದ ಮೊಲಕ್ಕೆ ಭಾನುವಾರ ಬುಟ್ಟಿ ತುಂಬ ಸೊಪ್ಪು ಸುರಿದರೆ ತಪ್ಪು ಸೊಪ್ಪಿನದಲ್ಲ. ಹೊಸ ಎಲೆಯನ್ನು ಒಂದು ಸಲಕ್ಕೆ ಒಂದೇ ಬಗೆಯಂತೆ, ಮೊದಲ ದಿನ ಎರಡು ಮೂರು ಎಲೆಗಳಷ್ಟೇ ಕೊಟ್ಟು, ಮರುದಿನದ ಹಿಕ್ಕೆಯನ್ನು ನೋಡಿ, ೭ರಿಂದ ೧೦ ದಿನಗಳಲ್ಲಿ ಕ್ರಮೇಣ ಹೆಚ್ಚಿಸಬೇಕು. ಒಂದೇ ಬಗೆಯ ಎಲೆಯನ್ನು ನಿತ್ಯ ಕೊಡುವುದಕ್ಕಿಂತ ಮೂರು ನಾಲ್ಕು ಬಗೆಗಳನ್ನು ಸರದಿಯಂತೆ ಕೊಡುವುದು ಉತ್ತಮ. ಒಂದರ ದೋಷವು ಮೈಯಲ್ಲಿ ಕೂಡಿಕೊಳ್ಳುವುದು ಇದರಿಂದ ತಪ್ಪುತ್ತದೆ.

ಎಲೆಯನ್ನು ಇಬ್ಬನಿ ಆರಿದ ಮೇಲೆ ಕೊಯ್ಯಬೇಕು. ಮಳೆಯಲ್ಲಿ ನೆನೆದುದನ್ನು ನೆರಳಿನಲ್ಲಿ ತೆಳುವಾಗಿ ಹರಡಿ ನೀರಾರಿಸಬೇಕು. ಹಸಿ ಹುಲ್ಲನ್ನು ರಾಶಿ ಹಾಕಿದರೆ ಒಳಗೆ ಕಾವೇರಿ ಹುಳಿಯುತ್ತದೆ. ಮುಟ್ಟಿದರೆ ಬಿಸಿಯಾಗಿರುವ ಹುಲ್ಲನ್ನು ಕೊಡಲೇಬಾರದು. ನಾಯಿಗಳು ತಿರುಗಾಡುವ ಜಾಗದ ಹುಲ್ಲಿನಲ್ಲಿ ನಾಯಿಯ ಲಾಡಿಹುಳುವಿನ ತತ್ತಿಗಳಿದ್ದು, ಅವು ಮೊಲದ ಒಡಲಿನಲ್ಲಿ ಗುಳ್ಳೆಗಳಾಗಿ ಬೆಳೆಯುತ್ತವೆ. ಆದಕಾರಣ ಮೇವಿನ ಜಾಗಕ್ಕೆ ಬೇಲಿಯಿರಬೇಕು. ಸೊಪ್ಪನ್ನು ಗೂಡಿನ ನೆಲದ ಮೇಲೆ ಎಸೆಯದೆ ಕಟ್ಟಾಗಿ ಕಟ್ಟಿ ಮೇಲಿನಿಂದ ತೂಗಬಿಡಬೇಕು. ಹಿಕ್ಕೆಯಲ್ಲಿ ಹೊರಳಿದ ಸೊಪ್ಪಿನಿಂದ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಬೇನೆ ಹರಡುತ್ತದೆ. ಬಾಡಿ ಉಳಿದುದನ್ನು ಹೊತ್ತು ಮೀರುವ ಮುನ್ನ ತೆಗೆದುಹಾಕಬೇಕು. ಮೊಲವು ಮುಂಜಾನೆ ಮುಸ್ಸಂಜೆಗಳಲ್ಲಿ ಚುರುಕಾಗಿ ಮೇಯುವ ಪ್ರಾಣಿಯಾದುದರಿಂದ ಆ ತಂಪು ಹೊತ್ತಿನಲ್ಲಿಯೇ ಮೇವು ಹಾಕುವುದು ಯುಕ್ತ.

ಪ್ರಮಾಣದ ವಿಷಯದಲ್ಲಿ ದಕ್ಷಿಣ ಭಾರತದ ಸಾಕಾಣಿಕೆಯ ರೂಢಿಯಂತೆ ೪ರಿಂದ ೫ ಕಿಲೋ ತೂಗುವ ಮೊಲಕ್ಕೆ ದಿನಕ್ಕೆ ಸುಮಾರು ೧೦೦ ಗ್ರಾಂ ಕೈತಿಂಡಿಯೂ ೨೫೦ ಗ್ರಾಂ ಹಸುರು ಮೇವೂ ಸಲ್ಲುತ್ತವೆ. ಹಸಿ ಮೇವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ೨೫೦ ಗ್ರಾಂ ಸೊಪ್ಪಿನಲ್ಲಿ ನಿಜವಾದ ಆಹಾರವು ೬೦ ಗ್ರಾಮಿಗೆ ತುಸು ಹೆಚ್ಚು ಮಾತ್ರ. ಗೂಡು ತುಂಬ ಹಸುರು ಕಂಡರೂ ಹೊಟ್ಟೆ ತುಂಬಿತೆನ್ನಲಾಗದು. ಒಣಹುಲ್ಲು ಬೇಕೇ ಬೇಕೆನ್ನುವುದು ಇದಕ್ಕಾಗಿಯೇ. ಸೊಪ್ಪು ತಿನ್ನುವ ಮೊಲಕ್ಕೆ ನೀರು ಬೇಡವೆಂಬ ಮಾತೂ ನಿರಾಧಾರ. ಶುದ್ಧವಾದ ನೀರು ಹಗಲಿರುಳೂ ಇರಬೇಕು. ಹಾಲೂಡುವ ತಾಯಿಗಂತೂ ಇನ್ನೂ ಹೆಚ್ಚಾಗಿ ಇರಬೇಕು.

ಮರಿಗಳ ವಿಷಯದಲ್ಲಿ ಇಮ್ಮಡಿ ಎಚ್ಚರ ಬೇಕು. ಬೆಳೆದ ಮೊಲದ ಜಠರದ ಆಮ್ಲವು ಬಹು ತೀಕ್ಷ್ಣವಾದುದು. ಬಂದ ರೋಗಾಣುಗಳನ್ನು ಅದು ಕೊಲ್ಲುತ್ತದೆ. ಹಾಲು ಕುಡಿಯುವ ಮರಿಯಲ್ಲಿ ಆ ತೀಕ್ಷ್ಣತೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ ಹಾಲು ಬಿಡಿಸುವ ವಾರಗಳಲ್ಲಿ ತಾಯಿಯು ತಿನ್ನುತ್ತಿದ್ದ ಮೇವನ್ನೇ ಮುಂದುವರಿಸಬೇಕೇ ಹೊರತು ಹೊಸತನ್ನು ಪರೀಕ್ಷಿಸಬಾರದು.

೮. ಅಸ್ವಸ್ಥತೆಯ ಲಕ್ಷಣಗಳು

ಬೇಟೆಗೆ ಗುರಿಯಾಗುವ ಪ್ರಾಣಿಗಳು ತಮ್ಮ ನೋವನ್ನು ಮುಚ್ಚಿಡುತ್ತವೆ. ಮೊಲವು ಮೂಲೆಯಲ್ಲಿ ಮುದುಡಿ ಕುಳಿತು, ಪ್ರಿಯವಾದ ಎಲೆಯನ್ನೂ ಮೂಸದೆ, ಹಲ್ಲು ಕಡಿಯತೊಡಗಿದರೆ ಅದು ನೋವಿನ ಕುರುಹು. ಹೊಟ್ಟೆಯುಬ್ಬರ, ನೀರಾದ ಭೇದಿ, ಜೊಲ್ಲು ಸುರಿಯುವುದು, ನಡುಕ ಇವು ಕಂಡರೆ ತಡಮಾಡಬಾರದು. ಅರ್ಧ ದಿನ ಆಹಾರವನ್ನು ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಅಂದೇ ಪಶುವೈದ್ಯರ ಬಳಿಗೆ ಒಯ್ಯಬೇಕು. ತಿಂದ ಎಲೆಯ ಒಂದು ರೆಂಬೆಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ದಾರಿ ತೋರಿದಂತಾಗುತ್ತದೆ.

ಅನಾವಶ್ಯಕ ಭಯವೂ ಬೇಡ. ಕೆಲವು ಸೊಪ್ಪುಗಳ ಬಣ್ಣದಿಂದ ಮೊಲದ ಮೂತ್ರವು ಕೆಂಪಾಗುವುದುಂಟು. ಸುಣ್ಣದ ಅಂಶದಿಂದ ಹಾಲಿನಂತೆ ಬೆಳ್ಳಗಾಗುವುದೂ ಉಂಟು. ಪ್ರಾಣಿಯು ಲವಲವಿಕೆಯಿಂದ ತಿನ್ನುತ್ತಿದ್ದರೆ ಇವು ಸಾಮಾನ್ಯವಾಗಿ ಚಿಂತೆಗೆ ಕಾರಣವಲ್ಲ. ಆದರೆ ಮೂತ್ರ ಮಾಡಲು ತಿಣುಕುತ್ತಿದ್ದರೆ, ಅಥವಾ ಕೆಂಪು ಬಣ್ಣವು ಹನಿಹನಿಯಾಗಿ ರಕ್ತದಂತೆ ತೋರಿದರೆ ವೈದ್ಯರಿಗೆ ತೋರಿಸಬೇಕು.

ಉಪಸಂಹಾರ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಗುರುತಿಸಲಾಗದ ಎಲೆಯನ್ನು ಕೊಡಬಾರದು. ಗುರುತಿಸಿದ ಎಲೆಯನ್ನೂ ಥಟ್ಟನೆ ಕೊಡಬಾರದು. ಒಂದನ್ನೇ ಸದಾ ಕೊಡಬಾರದು. ಒದ್ದೆಯಾದುದು, ಬಿಸಿಯಾದುದು, ಬೂಷ್ಟು ಹಿಡಿದುದು, ಔಷಧಿ ತಾಗಿದುದು ಯಾವ ಕಾಲಕ್ಕೂ ಸಲ್ಲದು. ಒಣಹುಲ್ಲು ಮತ್ತು ನೀರು ಯಾವ ಕಾಲಕ್ಕೂ ತಪ್ಪಬಾರದು.

ಮೊಲವನ್ನು ಸಾಕುವ ಶಾಲೆಗಳಲ್ಲಿ ಈ ವಿಷಯವು ಗೂಡಿನ ಕೆಲಸವಾಗಿ ಮಾತ್ರ ಉಳಿಯದೆ ತರಗತಿಯ ಪಾಠವೂ ಆಗಬಹುದು. ಗೂಡಿನ ಬಳಿ ಕೊಡಬಹುದಾದ ಆರು ಎಲೆಗಳನ್ನೂ ಕೊಡಬಾರದ ಆರು ಎಲೆಗಳನ್ನೂ ಒಣಗಿಸಿ, ಗಾಜಿನ ಕೆಳಗೆ ಅಂಟಿಸಿ, ಸ್ಥಳೀಯ ಹೆಸರುಗಳನ್ನು ಬರೆದು ತೂಗುಹಾಕಿದರೆ ಸಸ್ಯಪರಿಚಯವೂ ಭಾಷಾಪರಿಚಯವೂ ಜೊತೆಯಾಗಿ ನಡೆಯುತ್ತವೆ. ಉತ್ತರದ ಬಾಲಕನ ಅಗಸೆಯೂ ಹಿತ್ತಿಲ ಮರದ ಅಗಸೆಯೂ ಒಂದಲ್ಲವೆಂದು ಅಲ್ಲಿ ಕಲಿತ ಮಗುವು, ಪದವನ್ನು ನಂಬುವ ಮುನ್ನ ವಸ್ತುವನ್ನು ನೋಡಬೇಕೆಂಬುದನ್ನೂ ಕಲಿಯುತ್ತದೆ. ಬಾಯಿಲ್ಲದ ಪ್ರಾಣಿಯ ಬಾಯಿಗೆ ಏನನ್ನು ಇಡುತ್ತಿದ್ದೇನೆಂದು ಒಂದು ಕ್ಷಣ ನಿಂತು ಯೋಚಿಸುವ ಅಭ್ಯಾಸವು ಚಿಕ್ಕಂದಿನಲ್ಲಿ ಕೈಗೂಡಿದರೆ, ಅದು ಮೊಲದ ಗೂಡಿನಾಚೆಗೂ ಉಪಯೋಗಕ್ಕೆ ಬರುತ್ತದೆ.